ಆಟಗಾರರ ಅಭಿಮಾನ, ನಾಯಕರ ಅಭಿಮಾನ: ಲೆಕ್ಕ ಬರೆಯುವವರು ಯಾರು?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನವನು, ಸದ್ಯದಲ್ಲೇ ನೌಕರಿಯಿಂದ ನಿವೃತ್ತನಾಗುವವನಿದ್ದೇನೆ. ಕ್ರಿಕೆಟ್‌ನಲ್ಲಿ ಗುಂಡಪ್ಪ ವಿಶ್ವನಾಥ್, ಕಪಿಲ್ ದೇವ್, ಅನಿಲ್ ಕುಂಬ್ಳೆ; ರಾಜಕೀಯದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ, ಬಿ.ಡಿ. ಜತ್ತಿ, ದೇವರಾಜ ಅರಸು, ರಾಮಕೃಷ್ಣ ಹೆಗಡೆ ಇವರೆಲ್ಲರ ಮೇಲೆ ನನಗೆ ಬಾಲ್ಯದಿಂದಲೂ ಅಪಾರ ಅಭಿಮಾನ. ಪದವಿ ಓದುತ್ತಿರುವ ಮಗಳು, "ಅಪ್ಪಾ, ಎರಡೂ ಒಂದೇ ನಮೂನಿ ಹುಚ್ಚು. ಆಟಗಾರರ ಹುಚ್ಚಿನಿಂದ ಯಾರಿಗೂ ತೊಂದರೆ ಇಲ್ಲ, ನಾಯಕರ ಹುಚ್ಚಿನಿಂದ ಐತಿ" ಎನ್ನುತ್ತಾಳೆ. ಆಕೆ ಹೇಳುವುದು ಸರಿಯೇ? ನಾಯಕರ ಮೇಲೆ ಅಭಿಮಾನ ಇಟ್ಟುಕೊಳ್ಳುವುದೇ ತಪ್ಪೇ? ಇಟ್ಟುಕೊಂಡರೆ ಹೇಗೆ ಇಟ್ಟುಕೊಳ್ಳಬೇಕು?

ಉತ್ತರ: ತಮ್ಮ ಮಗಳ ಮಾತಿನಲ್ಲಿ ಒಂದು ಭಾಗವನ್ನು ಒಪ್ಪುತ್ತೇನೆ, ಇನ್ನೊಂದನ್ನು ಒಪ್ಪುವುದಿಲ್ಲ. ನಾಯಕರ ಮೇಲಿನ ಅಭಿಮಾನವು ಅಭಿಮಾನಿಯ ಮನೆಯೊಳಗೇ ಉಳಿಯದೆ ಮತವಾಗಿ, ಮೌನವಾಗಿ, ಕೆಲವೊಮ್ಮೆ ಕಲ್ಲಾಗಿಯೂ ಪರರ ಮೇಲೆ ಬೀಳುತ್ತದೆ ಎಂಬ ಆಕೆಯ ಅರಿವು ಸರಿಯಾದುದು. ಆದರೆ ಆಟಗಾರರ ಹುಚ್ಚಿನಿಂದ ಯಾರಿಗೂ ತೊಂದರೆಯಿಲ್ಲ ಎಂಬುದು ನಿಜವಲ್ಲ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ವಿರುದ್ಧ ಭಾರತ 8 ವಿಕೆಟ್‌ಗೆ 120 ರನ್ ಗಳಿಸಿ ಸೋಲಿನ ದಾರಿಯಲ್ಲಿದ್ದಾಗ ಈಡನ್ ಗಾರ್ಡನ್ಸ್‌ನ ಪ್ರೇಕ್ಷಕರು ಬಾಟಲಿಗಳನ್ನು ಎಸೆದು ಬೆಂಕಿ ಹಚ್ಚಿದ್ದರಿಂದ ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿ ಎದುರಾಳಿಗೆ ಗೆಲುವು ಕೊಡಬೇಕಾಯಿತು. 2007ರ ವಿಶ್ವಕಪ್‌ನಲ್ಲಿ ತಂಡವು ಬಾಂಗ್ಲಾದೇಶಕ್ಕೆ ಸೋತಾಗ ರಾಂಚಿಯಲ್ಲಿ ಕಟ್ಟುತ್ತಿದ್ದ ಧೋನಿಯವರ ಮನೆಯ ಮೇಲೆ ಅದೇ ಊರಿನ ಅಭಿಮಾನಿಗಳು ದಾಳಿ ಮಾಡಿದರು. ಇವೆರಡೂ ಸೋಲಿನ ಸಿಟ್ಟು. 2025ರ ಜೂನ್ 4ರಂದು ನಡೆದದ್ದು ಗೆಲುವಿನ ಸಂಭ್ರಮ. ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಸಲ ಐಪಿಎಲ್ ಗೆದ್ದ ಬೆಂಗಳೂರು ತಂಡವನ್ನು ನೋಡಲು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅದೇ ಸಂಜೆ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಆಟಗಾರರಿಗೆ ಸರ್ಕಾರದ ಸನ್ಮಾನವೂ ನಡೆದಿತ್ತು. ಆಟಗಾರರ ಅಭಿಮಾನ ಮತ್ತು ನಾಯಕರ ಅಭಿಮಾನ ಒಂದೇ ವೇದಿಕೆಯನ್ನು ಹಂಚಿಕೊಂಡ ದಿನವದು. ಆ ದಿನವನ್ನು ನೆನಪಿಟ್ಟುಕೊಂಡವರು ಒಂದು ಹುಚ್ಚು ನಿರುಪದ್ರವಿ, ಇನ್ನೊಂದು ಅಪಾಯಕಾರಿ ಎಂದು ಇಷ್ಟು ಸಲೀಸಾಗಿ ಗೆರೆ ಎಳೆಯಲಾರರು.

ವ್ಯತ್ಯಾಸ ಇರುವುದು ಬೇರೆ ಕಡೆ. ನಾನು ವಿಜಯಪುರದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವನು. ರಜೆಯ ದಿನಗಳಲ್ಲಿ ಮ್ಯಾಟಿಂಗ್ ಹಾಸಿದ ಮೈದಾನಗಳ ಅಂಚಿನಲ್ಲಿ ಶಾಮಿಯಾನಾದ ಕೆಳಗೆ ಸ್ಕೋರರ್ ಆಗಿ ಕೂತವನು. ಈ ಎರಡು ಕೆಲಸಗಳು ಕಲಿಸಿದ ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರಿಕೆಟ್ ಅಭಿಮಾನಿ ಎಷ್ಟೇ ಕುರುಡಾಗಿದ್ದರೂ ಅವನ ಅಭಿಮಾನದ ಪಕ್ಕದಲ್ಲಿ ಯಾರೋ ಕೂತು ಲೆಕ್ಕ ಬರೆಯುತ್ತಿರುತ್ತಾರೆ. ಶೂನ್ಯಕ್ಕೆ ಔಟಾದವನನ್ನು ಅಭಿಮಾನಿ ಎಷ್ಟು ಹೊಗಳಿದರೂ ಪುಸ್ತಕದಲ್ಲಿ ಶೂನ್ಯವೇ ಉಳಿಯುತ್ತದೆ. ರಾಜಕೀಯದಲ್ಲಿ ಅಂಥ ಸ್ಕೋರರ್ ಇಲ್ಲ. ಪಕ್ಷದ ಪುಸ್ತಕ ಒಂದು ಹೇಳುತ್ತದೆ, ವಿರೋಧಿಗಳ ಪುಸ್ತಕ ಇನ್ನೊಂದು ಹೇಳುತ್ತದೆ, ಜಯಂತಿಯ ದಿನ ಫ್ಲೆಕ್ಸ್ ಬೋರ್ಡು ಹೇಳುವುದು ಮೂರನೆಯದು. ಆದ್ದರಿಂದ ನಾಯಕನ ಅಭಿಮಾನಿಯಾಗಿರುವವನು ತಾನೇ ಸ್ಕೋರರ್ ಕೂಡ ಆಗಬೇಕು. ಆ ಕೆಲಸ ಒಪ್ಪದವನಿಗೆ ನಾಯಕರ ಅಭಿಮಾನ ಇಟ್ಟುಕೊಳ್ಳುವ ಹಕ್ಕಿಲ್ಲವೆಂದು ನಾನು ಹೇಳುವುದಿಲ್ಲ, ಆದರೆ ತಮ್ಮ ಮಗಳು ಅವನನ್ನು ಹುಚ್ಚನೆಂದರೆ ಅವನ ಪರವಾಗಿ ವಾದಿಸಲು ನಾನು ಬರುವುದಿಲ್ಲ.

ಅಂಗಳದ ಆಚೆ ಕೂತವರಿಗೆ ಸ್ಕೋರರ್‌ನ ಕೆಲಸ ಕಾಣುವುದಿಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಪಂದ್ಯಕ್ಕೆ ಇಬ್ಬರು ಸ್ಕೋರರ್‌ಗಳಿರುತ್ತಾರೆ, ತಂಡಕ್ಕೊಬ್ಬರಂತೆ. ಇಬ್ಬರೂ ಅಕ್ಕಪಕ್ಕ ಕೂತು ಲೆಕ್ಕ ತಾಳೆ ನೋಡುತ್ತಲೇ ಇರಬೇಕು. ಅಂಪೈರ್ ಸನ್ನೆ ಮಾಡಿದಾಗ ಸ್ಕೋರರ್ ಕೈ ಎತ್ತಿ ಕಂಡಿದ್ದೇನೆಂದು ತಿಳಿಸದಿದ್ದರೆ ಅಂಪೈರ್ ಮುಂದಿನ ಚೆಂಡು ಹಾಕಲು ಬಿಡುವುದಿಲ್ಲ. ಚೆಂಡು ಬ್ಯಾಟಿಗೆ ತಾಗದೆ ಬಂದ ಬೈ ಮತ್ತು ಲೆಗ್ ಬೈ ರನ್‌ಗಳು ತಂಡದ ಮೊತ್ತಕ್ಕೆ ಸೇರುತ್ತವೆ, ಆದರೆ ಬ್ಯಾಟುಗಾರನ ಹೆಸರಿಗೂ ಸೇರುವುದಿಲ್ಲ, ಬೌಲರ್‌ನ ಖಾತೆಗೂ ಬೀಳುವುದಿಲ್ಲ. ವೈಡ್ ಮತ್ತು ನೋಬಾಲ್ ಮಾತ್ರ ಬೌಲರ್‌ನ ತಲೆಗೇ ಹೋಗುತ್ತವೆ. ರನೌಟ್ ಆದ ವಿಕೆಟ್ ಬೌಲರ್‌ನದಲ್ಲ. ಯಾವುದು ಯಾರ ಖಾತೆಗೆ ಎಂಬ ಈ ನಿಷ್ಠುರ ವಿವೇಕವೇ ಸ್ಕೋರಿಂಗ್‌ನ ಜೀವ. ನಮ್ಮ ರಾಜಕೀಯ ಚರ್ಚೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೊರತೆ ಇರುವುದೂ ಇದಕ್ಕೇ: ಮಳೆ ಚೆನ್ನಾಗಿ ಬಂದ ವರ್ಷದ ಬೆಳೆ ಮಂತ್ರಿಯ ಹೆಸರಿಗೆ ಬರೆಯಲ್ಪಡುತ್ತದೆ, ಬರಗಾಲ ಹಿಂದಿನ ಸರ್ಕಾರದ ತಲೆಗೆ ಹೋಗುತ್ತದೆ.

ಉದಾಹರಣೆಗೆ ತಮ್ಮ ಪಟ್ಟಿಯಲ್ಲಿರುವ ದೇವರಾಜ ಅರಸರನ್ನೇ ತೆಗೆದುಕೊಳ್ಳೋಣ. "ಉಳುವವನೇ ಹೊಲದೊಡೆಯ" ಎಂದೊಡನೆ ಎಲ್ಲರಿಗೂ ಅವರ ಹೆಸರು ನೆನಪಾಗುವುದು ನ್ಯಾಯವೇ. 1974ರ ತಿದ್ದುಪಡಿಯ ಪ್ರಕಾರ ಆ ವರ್ಷದ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು, ಅಂದರೆ ಸರ್ಕಾರದ ಒಡೆತನಕ್ಕೆ ಬಂದವು, ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯಮಂಡಳಿಗಳು ಬಂದವು, ಗೇಣಿದಾರರು ಫಾರಂ ನಂಬರ್ 7 ತುಂಬಿ ಅರ್ಜಿ ಹಾಕಿದರು. ಆ ಫಾರಂ ನಂಬರ್ ನಮ್ಮ ಭಾಗದ ಹಿರಿಯರಿಗೆ ಇಂದಿಗೂ ಬಾಯಿಪಾಠ. ಆದರೆ ತಿದ್ದುಪಡಿ ಮಾಡಬೇಕಾದರೆ ಮೊದಲು ಕಾಯಿದೆಯೊಂದು ಇರಬೇಕಲ್ಲ? ಆ ಮೂಲ ಕಾಯಿದೆ 1961ರದು. ಅದಕ್ಕೆ ತಳಹದಿ ಹಾಕಿದ್ದು ಏಕೀಕರಣದ ಮರುವರ್ಷ ನೇಮಕವಾದ ಗೇಣಿ ಮತ್ತು ಭೂ ಕಾನೂನುಗಳ ಸಮಿತಿ. ಅದರ ಅಧ್ಯಕ್ಷರು ತಮ್ಮದೇ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿ. ಕಾಯಿದೆ ಅಂಗೀಕಾರವಾದ ವರ್ಷ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಅದು ಜಾರಿಗೆ ಬರಲು 1965ರವರೆಗೆ ಕಾಯಬೇಕಾಯಿತು. ಜೊತೆಗೆ ಭೂಮಾಲೀಕರಿಗೆ ನುಸುಳಲು ಅನೇಕ ಕಿಂಡಿಗಳಿದ್ದವು. ಆ ಕಿಂಡಿಗಳನ್ನು ಮುಚ್ಚಿದ್ದೇ ಅರಸರ ಸಾಧನೆ. ಹೀಗಾಗಿ ಇದನ್ನು ಒಬ್ಬರ ಶತಕವೆಂದು ಬರೆಯಲಾಗದು, ಜೊತೆಯಾಟವೆಂದು ಬರೆಯಬೇಕು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ 17 ರನ್‌ಗೆ 5 ವಿಕೆಟ್ ಬಿದ್ದ ಮೇಲೆ ಕಪಿಲ್ ಹೊಡೆದ 175 ರನ್ ಎಲ್ಲರಿಗೂ ಗೊತ್ತು. ಒಂಬತ್ತನೆಯ ವಿಕೆಟ್‌ಗೆ ಅವರೊಡನೆ ಮುರಿಯದ 126 ರನ್ ಸೇರಿಸಿದ ಸಯ್ಯದ್ ಕಿರ್ಮಾನಿಯವರ ಅಜೇಯ 24 ಎಷ್ಟು ಜನಕ್ಕೆ ನೆನಪಿದೆ? ಆ ಪಂದ್ಯದ ವಿಡಿಯೋ ಕೂಡ ಇಲ್ಲ, ಉಳಿದಿರುವುದು ಸ್ಕೋರ್ ಪುಸ್ತಕ ಮಾತ್ರ, ಆ ಪುಸ್ತಕ ಕಿರ್ಮಾನಿಯವರನ್ನು ಮರೆತಿಲ್ಲ. ಜತ್ತಿಯವರಿಗೆ ಅಂಥ ಪುಸ್ತಕ ಸಿಗಲಿಲ್ಲ.

ಅರಸರ ಪುಟದಲ್ಲಿ ಇನ್ನೊಂದು ಕಡೆಯನ್ನೂ ಬರೆಯಲೇಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರು ಕೇಂದ್ರದ ಜೊತೆಗಿದ್ದ ಮುಖ್ಯಮಂತ್ರಿ, ಮತ್ತು ಅವರ ಆಡಳಿತದ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತ್ತು. ಹಾವನೂರು ಆಯೋಗದಿಂದ ಹಿಂದುಳಿದವರಿಗೆ ಬಾಗಿಲು ತೆರೆದವರೂ ಅವರೇ, 1973ರ ನವೆಂಬರ್ 1ರಂದು ನಾಡಿಗೆ ಕರ್ನಾಟಕವೆಂಬ ಹೆಸರು ಕೊಟ್ಟ ಸರ್ಕಾರವೂ ಅವರದೇ. ಇವು ಒಂದನ್ನೊಂದು ಅಳಿಸುವುದಿಲ್ಲ. ಬೌಲರ್ 5 ವಿಕೆಟ್ ತೆಗೆದರೆ ಅವನು ಎಸೆದ ವೈಡ್‌ಗಳನ್ನು ಪುಸ್ತಕದಿಂದ ತೆಗೆದು ಹಾಕುವ ರೂಢಿ ನಮ್ಮಲ್ಲಿ ಇಲ್ಲ.

ಈಗ ವಿಶ್ವನಾಥ್ ಮತ್ತು ಶಾಸ್ತ್ರಿಯವರ ವಿಷಯ. ಈ ಇಬ್ಬರನ್ನೂ ತಾವು ಒಂದೇ ಕಾರಣಕ್ಕೆ ಮೆಚ್ಚುತ್ತಿರಬಹುದೆಂದು ನನ್ನ ಊಹೆ: ಇಬ್ಬರೂ ಬಿಟ್ಟುಕೊಟ್ಟವರು. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ನಾಯಕರಾಗಿದ್ದ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಮರಳಿ ಆಡಲು ಕರೆದರು, ಏಕೆಂದರೆ ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಅವರಿಗೆ ಗೊತ್ತಿತ್ತು. ಟೇಲರ್ ಮತ್ತು ಬಾಥಮ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು, ಬಾಥಮ್ ಶತಕದೊಂದಿಗೆ 13 ವಿಕೆಟ್‌ಗಳನ್ನೂ ತೆಗೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಸೋಲಿಗಾಗಿ ವಿಶ್ವನಾಥರನ್ನು ಬೈದವರು ಇಂದು ಸಿಗುವುದಿಲ್ಲ. ಶಾಸ್ತ್ರಿಯವರು 1956ರಲ್ಲಿ ಅರಿಯಲೂರು ರೈಲು ದುರಂತದ ನೈತಿಕ ಹೊಣೆ ಹೊತ್ತು ರೈಲ್ವೆ ಮಂತ್ರಿಯ ಸ್ಥಾನ ಬಿಟ್ಟರು. ಎರಡೂ ದೊಡ್ಡ ನಡೆಗಳು. ಆದರೆ ವಿಶ್ವನಾಥರು ಬಿಟ್ಟುಕೊಟ್ಟದ್ದು ಒಂದು ಪಂದ್ಯವನ್ನು, ಅದಕ್ಕೆ ಬೆಲೆ ತೆತ್ತವರು ಅವರೂ ಅವರ ತಂಡವೂ. ಶಾಸ್ತ್ರಿಯವರ ರಾಜೀನಾಮೆಯನ್ನು ಮೆಚ್ಚುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆ: ರಾಜೀನಾಮೆಯ ನಂತರ ಹಳಿಗಳು, ಸೇತುವೆಗಳು ಸುಧಾರಿಸಿದವೇ? ನಾಯಕನ ತ್ಯಾಗ ಅವನ ವ್ಯಕ್ತಿತ್ವದ ಪುಟಕ್ಕೆ ಸೇರುತ್ತದೆ. ಅವನ ಕೆಲಸದ ಪುಟ ಪ್ರತ್ಯೇಕ. ಈ ಎರಡು ಪುಟಗಳನ್ನು ಅಂಟಿಸಿಬಿಡುವುದೇ ಅಭಿಮಾನಿಗಳ ಸಾಮಾನ್ಯ ದೌರ್ಬಲ್ಯ.

ನಮ್ಮ ಭಾಗದಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ, ಮತ್ತು ತಮ್ಮ ಪಟ್ಟಿಯಲ್ಲಿ ಈ ಹೆಸರು ಇಲ್ಲದ್ದು ನನಗೆ ಸ್ವಲ್ಪ ಬೇಸರ ತಂದಿದೆ. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹುನಗುಂದದಿಂದ ಗೆದ್ದಿದ್ದ ಎಸ್.ಆರ್. ಕಂಠಿಯವರು ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದೊಡನೆ ಜೂನ್‌ನಲ್ಲಿ ಆ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟು, ಅದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾಗಿ ಕೂತರು. ಕುರ್ಚಿ ಬಿಟ್ಟ ಕಥೆಯನ್ನು ನಮ್ಮ ಸಭೆಗಳಲ್ಲಿ ಭರತನ ಪಾದುಕೆಯ ಮಟ್ಟಕ್ಕೆ ಏರಿಸಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ನಂತರದ್ದು. 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ಆರಂಭವಾದಾಗ ಶಿಕ್ಷಣ ಖಾತೆ ಕಂಠಿಯವರ ಕೈಯಲ್ಲಿತ್ತು. ಮುಖ್ಯಮಂತ್ರಿಯ ಸ್ಥಾನದಿಂದ ಇಳಿದವನು ಮುನಿಸಿಕೊಂಡು ಮನೆ ಸೇರದೆ ಖಾತೆಯ ಕೆಲಸ ಮಾಡಿದ್ದು ಅಪರೂಪ. ಅದರ ಜೊತೆಗೆ, ಒಬ್ಬರಿಗಾಗಿ ಕುರ್ಚಿಯನ್ನೂ ಕ್ಷೇತ್ರವನ್ನೂ ತೆರವು ಮಾಡಿಸಿದ್ದರಲ್ಲಿ ಮತದಾರನ ಪಾಲೆಷ್ಟಿತ್ತು ಎಂಬ ಪ್ರಶ್ನೆಯನ್ನೂ ಅದೇ ಪುಟದಲ್ಲಿ ಬರೆದಿಡಬೇಕು. ಕಂಠಿಯವರ ಮೇಲೆ ನನಗಿರುವ ಗೌರವ ಆ ಪ್ರಶ್ನೆಯಿಂದ ಕಡಿಮೆಯಾಗುವುದಿಲ್ಲ.

ಬೆಲೆ ತೆತ್ತವರು ಯಾರು ಎಂಬ ಪ್ರಶ್ನೆ ಬಂದಾಗ ಶಾಸ್ತ್ರಿಯವರ ಹೆಸರಿನಲ್ಲೇ ಮುಂದುವರಿಯುವುದು ಒಳ್ಳೆಯದು. 1964ರ ಮೇ 22ರಂದು, ಪ್ರಧಾನಿಯಾಗುವ ಕೆಲವೇ ದಿನಗಳ ಮೊದಲು, ಅವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಶಂಕುಸ್ಥಾಪನೆ ಮಾಡಿದರು. ಜಲಾಶಯಕ್ಕೆ ಇಂದು ಅವರದೇ ಹೆಸರು. ಆ ನಂತರದ ದಶಕಗಳಲ್ಲಿ ಎಷ್ಟೋ ಮುಖ್ಯಮಂತ್ರಿಗಳು, ಎಷ್ಟೋ ಎಂಜಿನಿಯರುಗಳು, ಕೃಷ್ಣಾ ಜಲ ನ್ಯಾಯಮಂಡಳಿಯ ಎದುರು ವಾದಿಸಿದ ಎಷ್ಟೋ ವಕೀಲರು ಸೇರಿ ನೀರು 519.6 ಮೀಟರಿನವರೆಗೆ ನಿಂತಿತು. ಕಲ್ಲು ಹಾಕಿದವರ ಹೆಸರು ಉಳಿದದ್ದು ಸರಿಯೇ ಇರಬಹುದು, ಆದರೆ ಆ ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಹೋದವು, ನದಿಯಂಚಿನ ಹಳ್ಳಿಗಳು ಹೋದವು, ಪೇಟೆಯ ಅಂಗಡಿಕಾರರು ನವನಗರದ ಸೆಕ್ಟರುಗಳಿಗೆ ಬಂದು ಹೊಸದಾಗಿ ಗಿರಾಕಿ ಹುಡುಕಬೇಕಾಯಿತು. ಕಾಲುವೆಯ ಕೊನೆಯಲ್ಲಿ ಹೊಲ ಇರುವವನಿಗೆ ಶಾಸ್ತ್ರಿ ಸಾಗರ ಅನ್ನದ ಹೆಸರು, ಮುಳುಗಡೆಯ ಮನೆಯವನಿಗೆ ಅದೇ ಹೆಸರು ಕಳೆದುಕೊಂಡ ಅಂಗಳದ ಗುರುತು. ಕ್ರಿಕೆಟ್‌ನಲ್ಲಿ ಕಪಿಲರ ಸಿಕ್ಸರ್ ಯಾರ ಮನೆಯನ್ನೂ ಮುಳುಗಿಸಲಿಲ್ಲ. ತಮ್ಮ ಮಗಳು ಗ್ರಹಿಸಿರುವ ವ್ಯತ್ಯಾಸ ನಿಜವಾಗಿ ಇದೇ ಎಂದು ನನಗನಿಸುತ್ತದೆ, ಆಕೆ ಅದನ್ನು ಹುಚ್ಚಿನ ಹೆಸರಿನಲ್ಲಿ ಹೇಳಿದ್ದಾಳೆ ಅಷ್ಟೆ.

ಅಭಿಮಾನಕ್ಕೂ ಮತಕ್ಕೂ ಗಂಟು ಹಾಕಲೇಬೇಕೆಂದು ಯಾರೂ ಹೇಳಿಲ್ಲ. ಇದನ್ನು ತಮ್ಮ ಕ್ಷೇತ್ರದ ಮತದಾರರು 1991ರಲ್ಲೇ ತೋರಿಸಿಕೊಟ್ಟಿದ್ದಾರೆ. ಆ ವರ್ಷ ಲೋಕಸಭೆಗೆ ಬಾಗಲಕೋಟೆಯಿಂದ ನಿಂತವರು ರಾಮಕೃಷ್ಣ ಹೆಗಡೆ. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ವ್ಯವಸ್ಥೆಯನ್ನು ತಮ್ಮ ಸಂಪುಟದ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಜೊತೆ ಕಟ್ಟಿದವರು, ಲೋಕಾಯುಕ್ತ ತಂದವರು, ಫೋನ್ ಕದ್ದಾಲಿಕೆಯ ಆರೋಪ ಬಂದಾಗ 1988ರಲ್ಲಿ ರಾಜೀನಾಮೆ ಕೊಟ್ಟವರು. ಅವರ ಎದುರು ನಿಂತವರು ಸಿದ್ದು ನ್ಯಾಮಗೌಡ. ಕೃಷ್ಣೆಗೆ ಅಡ್ಡಲಾಗಿ ಚಿಕ್ಕಪಡಸಲಗಿಯಲ್ಲಿ ಸರ್ಕಾರ ಕಟ್ಟಲಿಲ್ಲವೆಂದು ರೈತರಿಂದಲೇ ಹಣ ಸೇರಿಸಿ, ರೈತರ ಶ್ರಮದಿಂದಲೇ 1989ರಲ್ಲಿ ಬ್ಯಾರೇಜು ಎಬ್ಬಿಸಿದ ಸಂಘದ ಮುಂದಾಳು ಅವರು. ಬ್ಯಾರೇಜಿಗೆ ಶ್ರಮಬಿಂದು ಸಾಗರವೆಂದು ಹೆಸರಾಯಿತು, ಅವರಿಗೆ ಬ್ಯಾರೇಜ್ ಸಿದ್ದು ಎಂದು. ಜನ ಅವರನ್ನು ಗೆಲ್ಲಿಸಿ ಹೆಗಡೆಯವರನ್ನು ಸೋಲಿಸಿದರು. ಹೆಗಡೆಯವರನ್ನು ಮೆಚ್ಚುತ್ತಲೇ ನ್ಯಾಮಗೌಡರಿಗೆ ಮತ ಹಾಕಿದವರು ಆ ಭಾಗದಲ್ಲಿ ಇಂದಿಗೂ ಸಿಗುತ್ತಾರೆ, ಅವರಿಗೆ ಅದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ತಾವು ಅಂದು ಯಾರಿಗೆ ಮತ ಹಾಕಿದಿರೆಂದು ನಾನು ಕೇಳುವುದಿಲ್ಲ. ಆದರೆ ಮಗಳಿಗೆ ಈ ಚುನಾವಣೆಯ ಕಥೆ ಹೇಳಿದ್ದೀರೋ ಇಲ್ಲವೋ ಎಂಬ ಕುತೂಹಲವಿದೆ.

ಇದಕ್ಕಿಂತ ಹಳೆಯದೂ, ಕ್ರಿಕೆಟ್ ಮತ್ತು ರಾಜಕೀಯ ಎರಡನ್ನೂ ಒಂದೇ ಎಳೆಯಲ್ಲಿ ಕಟ್ಟಿದ್ದೂ ಆದ ಇನ್ನೊಂದು ಪ್ರಸಂಗವಿದೆ. ನಮ್ಮ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಡಗೈ ಸ್ಪಿನ್ ಬೌಲರ್, ಅಸ್ಪೃಶ್ಯರೆನಿಸಿದ್ದ ಜಾತಿಯವರು. ಅವರೊಡನೆ ಆಡಿದವರೇ ಚಹಾ ವಿರಾಮದಲ್ಲಿ ಅವರಿಗೆ ಬೇರೆ ಲೋಟದಲ್ಲಿ ಕೊಡುತ್ತಿದ್ದ ಕಾಲವದು. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ಅವರು 114 ವಿಕೆಟ್ ತೆಗೆದರು. ಅಂದಿನ ಮುಂಬಯಿಯ ಧರ್ಮವಾರು ತಂಡಗಳ ಟೂರ್ನಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ, ಅವರ ಕಿರಿಯ ಸಹೋದರ ವಿಠ್ಠಲ ಅದನ್ನು 1923ರಲ್ಲಿ ಪಡೆದರು. ಯುವಕ ಅಂಬೇಡ್ಕರರಿಗೆ ಬಾಳೂ ಆರಾಧ್ಯರಾಗಿದ್ದರು, ಬಾಳೂ ಅವರ ಸನ್ಮಾನದ ಕೆಲಸಗಳಲ್ಲಿ ಅಂಬೇಡ್ಕರರು ಮುಂದಾಗಿದ್ದರು. ಅದೇ ಅಂಬೇಡ್ಕರರ ವಿರುದ್ಧ 1937ರ ಮುಂಬಯಿ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಬಾಳೂ ಅವರನ್ನೇ ನಿಲ್ಲಿಸಿತು. ಸುಮಾರು 2,000 ಮತಗಳ ಅಂತರದಿಂದ ಬಾಳೂ ಸೋತರು. ಅಂದು ಮತ ಹಾಕಿದವರಲ್ಲಿ ಇಬ್ಬರ ಮೇಲೂ ಅಭಿಮಾನವಿದ್ದವರು ಎಷ್ಟು ಜನ ಇದ್ದಿರಬೇಕು! ಬಾಳೂ ಅವರ ವಿಕೆಟ್‌ಗಳು ದೊಡ್ಡವು, ಅಷ್ಟು ಮಾತ್ರಕ್ಕೆ ಶಾಸನಸಭೆಯಲ್ಲಿ ಮಾತನಾಡುವ ಯೋಗ್ಯತೆ ಅವರಿಗೇ ಹೆಚ್ಚೆಂದು ಆಗುವುದಿಲ್ಲ ಎಂಬ ವಿವೇಕವನ್ನು ಆ ಮತದಾರರು ತೋರಿಸಿದರು. ಭಾರತ ತಂಡದ ನಾಯಕರಾಗಿದ್ದ ಪಟೌಡಿಯವರು 1971ರಲ್ಲೂ 1991ರಲ್ಲೂ ಲೋಕಸಭೆಗೆ ನಿಂತು ಸೋತರು. ಇನ್ನೊಬ್ಬ ಮಾಜಿ ನಾಯಕ ಅಜರುದ್ದೀನ್ 2009ರಲ್ಲಿ ಮುರಾದಾಬಾದಿನಿಂದ ಗೆದ್ದರು. ಎಲ್ಲ ಕಡೆಯ ಮತದಾರರೂ ಒಂದೇ ತರಹ ಇರುವುದಿಲ್ಲ.

ಬೆಳಗಾವಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ನಾಯಕರ ಅಭಿಮಾನ ಭಾಷೆಯ ಗೆರೆ ಹಿಡಿದು ಒಡೆಯುತ್ತದೆ; ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗೆಗಿನ ಮಹಾಜನ ವರದಿಯ ಹೆಸರು ಎತ್ತಿದರೆ ಒಂದೇ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದವರು ಎರಡು ಪಕ್ಷವಾಗುತ್ತಾರೆ. ಭಾರತ ತಂಡ ಆಡುವಾಗ ಆ ಗೆರೆ ಅಳಿಸಿಹೋಗುತ್ತದೆ, ಆದರೆ ಪೂರ್ತಿಯಾಗಿ ಅಲ್ಲ: ಹಿರಿಯರಲ್ಲಿ ಗಾವಸ್ಕರ್ ಪಕ್ಷ, ವಿಶ್ವನಾಥ್ ಪಕ್ಷ ಎಂದಿತ್ತು. 1973-74ರ ರಣಜಿಯಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡವು ಸತತ 15 ಸಲ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಬೆಳಗಾವಿಯಲ್ಲಿ ಬರೀ ಕ್ರೀಡಾ ಸುದ್ದಿಯಾಗಿರಲು ಸಾಧ್ಯವಿರಲಿಲ್ಲ. ಗಾವಸ್ಕರರ ತಂಗಿಯನ್ನು ವಿಶ್ವನಾಥರು ಮದುವೆಯಾದದ್ದರಿಂದ ವಾದ ಮನೆತನದ ಜಗಳವಾಗಿ ಮುಗಿಯಿತೆಂದು ಅಲ್ಲಿನ ಹಿರಿಯರೊಬ್ಬರು ನಗುತ್ತಿದ್ದರು. ಸದಾಶಿವ ನಗರದಲ್ಲೋ ತಿಲಕವಾಡಿಯಲ್ಲೋ ಇರುವ ತಮ್ಮ ಬಂಧುಗಳಿದ್ದರೆ ಕೇಳಿ ನೋಡಿ, ಕ್ರಿಕೆಟ್‌ನಲ್ಲಿ ಎದುರಿನವನ ಆಟಗಾರನನ್ನು ಹೊಗಳಲು ಯಾರಿಗೂ ಸಂಕೋಚವಿಲ್ಲ. ರಾಜಕೀಯದಲ್ಲಿ ಆ ಔದಾರ್ಯ ಬಂದರೆ ಅದು ಕ್ರಿಕೆಟ್‌ನಿಂದಲೇ ಬಂದದ್ದೆಂದು ನಾನು ನಂಬುತ್ತೇನೆ.

ಈಗ ಜತ್ತಿಯವರ 1977ರ ಪುಟ. ಇದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅಭಿಮಾನಿಯ ಪರೀಕ್ಷೆ ಇಲ್ಲಿದೆ. ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಜನತಾ ಪಕ್ಷ ಗೆದ್ದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಹೊಸ ಸರ್ಕಾರವು ಕಾಂಗ್ರೆಸ್ ಆಡಳಿತದ 9 ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಮಾಡಿತು. ಅದನ್ನು ತಡೆಯಲು ಕೆಲವು ರಾಜ್ಯಗಳು ಹೂಡಿದ ದಾವೆಗಳನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕದೆ ತಡೆದರು, ದಿಲ್ಲಿಯಲ್ಲಿ ದೊಡ್ಡ ಗದ್ದಲವಾಯಿತು, ಏಪ್ರಿಲ್ 30ರಂದು ಸಹಿ ಬಿತ್ತು. ಸಾವಳಗಿಯ ಅಭಿಮಾನಿ ಇದನ್ನು ದಿಟ್ಟತನವೆನ್ನುತ್ತಾನೆ, ಅಂದಿನ ಜನತಾ ಬೆಂಬಲಿಗ ಇದನ್ನು ಹಳೆಯ ಪಕ್ಷದ ಋಣ ತೀರಿಸುವ ಯತ್ನವೆನ್ನುತ್ತಾನೆ. ಸ್ಕೋರರ್ ಏನು ಬರೆಯಬೇಕು?

ಮೊದಲನೆಯದಾಗಿ ಕಾನೂನು. 1976ರ 42ನೆಯ ತಿದ್ದುಪಡಿಯ ನಂತರ ಸಂಪುಟದ ಸಲಹೆಯಂತೆ ನಡೆಯುವುದು ರಾಷ್ಟ್ರಪತಿಗೆ ಕಡ್ಡಾಯವೆಂದು ಸಂವಿಧಾನದ 74ನೆಯ ವಿಧಿಯಲ್ಲೇ ಬರೆಯಲಾಗಿತ್ತು. ಆ ತಿದ್ದುಪಡಿ ರಾಜ್ಯಸಭೆಯಲ್ಲಿ ಅಂಗೀಕಾರವಾದಾಗ ಸಭಾಪತಿ ಯಾರು? ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರೇ. ತಮ್ಮ ಅಧ್ಯಕ್ಷತೆಯ ಸದನದಲ್ಲಿ ಕಟ್ಟಿದ ಗಂಟನ್ನು ಕೆಲವೇ ತಿಂಗಳಲ್ಲಿ ತಮ್ಮ ಕೈಯಿಂದ ಸಡಿಲಿಸಲು ಅವರು ಯತ್ನಿಸಿದರು. ಇದು ಅವರ ವಿರುದ್ಧದ ಬರಹ, ಇದನ್ನು ಬಿಡುವಂತಿಲ್ಲ. ಇನ್ನೊಂದು ಕಡೆ, ಲೋಕಸಭೆ ಚುನಾವಣೆಯ ಫಲಿತಾಂಶ ಹಿಡಿದು ಚುನಾಯಿತ ವಿಧಾನಸಭೆಗಳನ್ನು ವಿಸರ್ಜಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. 1978ರ 44ನೆಯ ತಿದ್ದುಪಡಿಯು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪು ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾ ಮಾಡುವುದಕ್ಕೆ ಲಗಾಮು ಹಾಕಿತು. ಜತ್ತಿಯವರ ತಡೆ ಈ ಬೆಳವಣಿಗೆಗಳಿಗೆ ಕಾರಣವೆಂದು ಹೇಳಲಾಗದು, ಆದರೆ ಅವರು ತಡೆದು ನಿಂತ ಜಾಗದಲ್ಲಿಯೇ ಕಾನೂನು ಮುಂದೆ ಬದಲಾಯಿತೆಂಬುದು ದಾಖಲೆಯ ಮಾತು. ನನ್ನ ತೀರ್ಮಾನ ಕೇಳಿದರೆ, ಅಂದಿನ ಸಂವಿಧಾನದ ಅಕ್ಷರದ ಪ್ರಕಾರ ಅವರು ತಡೆಯಬಾರದಿತ್ತು. 1976ರಲ್ಲಿ ಅವರು ಒಂದು ದಿನ ತಡೆದಿದ್ದರೆ ನಾನು ಹೆಚ್ಚು ಗೌರವಿಸುತ್ತಿದ್ದೆ. ಇಷ್ಟಾಗಿಯೂ ಗೇಣಿ ಸಮಿತಿಯ ಜತ್ತಿ, 1964ರಲ್ಲಿ ಬಸವ ಸಮಿತಿ ಸ್ಥಾಪಿಸಿ ವಚನಗಳನ್ನು ಬೇರೆ ಭಾಷೆಗಳಿಗೆ ದಾಟಿಸಲು ಶ್ರಮಿಸಿದ ಜತ್ತಿ ನನ್ನ ಅಭಿಮಾನದಲ್ಲಿ ಹಾಗೆಯೇ ಇದ್ದಾರೆ. ತಮ್ಮ ತೀರ್ಮಾನ ಬೇರೆಯಿರಬಹುದು. ಮಗಳೊಂದಿಗೆ ಕೂತು ಇಬ್ಬರು ಸ್ಕೋರರ್‌ಗಳಂತೆ ಇದೊಂದು ಪುಟವನ್ನು ತಾಳೆ ನೋಡಿದರೆ ಉಳಿದ ಪುಟಗಳು ಸುಲಭವಾಗುತ್ತವೆ.

ತಮ್ಮ ಆಟಗಾರರ ಪಟ್ಟಿಯ ಬಗ್ಗೆಯೂ ಒಂದು ಆಕ್ಷೇಪ. 1999ರಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗೆ ಪಡೆದ ಕುಂಬ್ಳೆಯವರನ್ನು ಮೆಚ್ಚುವಾಗ, ಹತ್ತನೆಯದು ತನಗೆ ಬೀಳದಿರಲೆಂದು ಸ್ಟಂಪಿನಿಂದ ದೂರ ಎಸೆದ ಜಾವಗಲ್ ಶ್ರೀನಾಥರನ್ನೂ ನೆನೆಯಬೇಕು ಎಂಬುದು ಹಳೆಯ ಮಾತು, ಅದನ್ನು ಬಿಡುತ್ತೇನೆ. ಪಟ್ಟಿಯಲ್ಲಿ ಒಬ್ಬ ಮಹಿಳೆಯೂ ಇಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಪಡೆದು ಎದುರಾಳಿಯನ್ನು 79ಕ್ಕೆ ಉರುಳಿಸಿದರು. ಸೋತಿದ್ದರೆ ತಂಡ ಸೆಮಿಫೈನಲ್ ಕಾಣುತ್ತಿರಲಿಲ್ಲ. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಹೊಡೆದಿದ್ದರು. ಊರಿಗೆ ಬಂದಾಗ ಕಾರು ಕೊಡುವುದಾಗಿ ಹೇಳಿದವರಿಗೆ ರಾಜೇಶ್ವರಿಯವರು ಕಾರಿಗಿಂತ ಮನೆ ಬೇಕೆಂದು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸನ್ಮಾನದ ಭಾಷೆಗೂ ಅಗತ್ಯದ ಭಾಷೆಗೂ ಇರುವ ಅಂತರವನ್ನು ನನ್ನ ತರಗತಿಯ ಯಾವ ಪಾಠವೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. ತಮ್ಮ ಮಗಳಿಗೆ ಆಟಗಾರರ ಅಭಿಮಾನದ ಬಗ್ಗೆ ಇರುವ ಅಸಡ್ಡೆಗೆ, ತಾವು ಆಕೆಗೆ ಇಷ್ಟು ವರ್ಷ ಗಂಡಸರ ಕಥೆಗಳನ್ನಷ್ಟೇ ಹೇಳುತ್ತ ಬಂದದ್ದು ಒಂದು ಕಾರಣವಾಗಿರಬಹುದೇ ಎಂದು ಯೋಚಿಸಿ.

ಕೊನೆಯದಾಗಿ, ಈಗ ಅಧಿಕಾರದಲ್ಲಿರುವ ಅಥವಾ ಅಧಿಕಾರಕ್ಕಾಗಿ ಹೋರಾಡುತ್ತಿರುವ ಯಾರ ಹೆಸರನ್ನೂ ತಾವು ಪಟ್ಟಿಯಲ್ಲಿ ಬರೆದಿಲ್ಲ. ಅದು ಎಚ್ಚರಿಕೆಯೋ ನಿರಾಶೆಯೋ ತಿಳಿಯದು, ಆದರೆ ನಾನೂ ಬರೆಯುವುದಿಲ್ಲ. ಕ್ರೀಸಿನಲ್ಲಿರುವವನ ಸರಾಸರಿಯನ್ನು ಸ್ಕೋರರ್ ಲೆಕ್ಕ ಹಾಕುವುದಿಲ್ಲ, ಚೆಂಡು ಚೆಂಡಿಗೂ ಬರೆಯುತ್ತ ಹೋಗುತ್ತಾನೆ. ಹಾಗೆ ಬರೆಯಲು ನಮ್ಮ ಮುಂದೆಯೇ ಒಂದು ವಿಷಯವಿದೆ. ರಾಜ್ಯಗಳ ನಡುವೆ ನೀರು ಹಂಚುವ ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಆ ಎತ್ತರದ ಬಗ್ಗೆ ಪ್ರತಿ ಚುನಾವಣೆಯಲ್ಲಿ ಭಾಷಣ ಮಾಡಿದವರ ಹೆಸರು, ದಿನಾಂಕ, ಕೊಟ್ಟ ಮಾತು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಬರೆಯಿರಿ. ಬಲಗಡೆಯಲ್ಲಿ ಮುಳುಗಡೆಯ ಯಾವ ಊರಿಗೆ ಎಷ್ಟು ಪರಿಹಾರ ಯಾವ ದಿನ ಬಂತೆಂಬುದಕ್ಕೆ ಜಾಗ ಬಿಡಿ. ಬಲಗಡೆಯನ್ನು ತುಂಬುವ ಕೆಲಸವನ್ನು ಮಗಳಿಗೆ ವಹಿಸಿ.